ನಾಲ್ಕನೇ ಸೀಟಿನಿಂದ ಮುಂಬ್ರಾ ಬಂಡೆಗೆ

ಬೆಳಿಗ್ಗೆ ಎಂಟಕ್ಕೆ ಡೊಂಬಿವಲಿಯಲ್ಲಿ ಮುಂಬಯಿ ಲೋಕಲ್ ರೈಲು ಹತ್ತುವವನಿಗೆ ಬಂಡೆ ಹತ್ತುವುದನ್ನು ಬೇರೆ ಕಲಿಸಬೇಕೆ? ಇದೇ ಧೈರ್ಯದಲ್ಲಿ ಠಾಣೆಯ ಕಡೆ ಒಂದು ಕ್ಲೈಂಬಿಂಗ್ ಜಿಮ್ಮಿಗೆ ಹೋದೆ. ಬೂಟು ಬಿಗಿಯಾಗಿಯೇ ಇರಬೇಕಂತೆ. ಕಾಲ್ಬೆರಳುಗಳು, ಲೋಕಲ್ಲಿನಲ್ಲಿ ಮೂವರ ಬೆಂಚಿಗೆ ತೂರಿಕೊಂಡ ನಾಲ್ಕನೇ ಸೀಟಿನವರಂತೆ ಮುದುಡಿ ಕೂತವು. ಅಂಗೈಗೆ ಬಿಳಿ ಪುಡಿ. ಗೋಡೆಯ ಹಳದಿ ಹಿಡಿಗಳನ್ನಷ್ಟೇ ಹಿಡಿಯಬೇಕು. ಮೂರನೆಯದಕ್ಕೆ ಮುಂಗೈ ಕಲ್ಲಾಯಿತು, ನಾಲ್ಕನೆಯದಕ್ಕೆ ನಾನು ಹಾಸಿನ ಮೇಲೆ! “ಅಂಕಲ್, ಕೈಯಿಂದ ಎಳೀಬೇಡಿ, ಕಾಲಿಂದ ಒತ್ತಿ” ಎಂದು ಹತ್ತು ವರ್ಷದ ಪೋರಿ ಮರಾಠಿಯಲ್ಲಿ ತಿದ್ದಿದಳು. (2016ರಲ್ಲಿ ನವಿ ಮುಂಬಯಿಯಲ್ಲೇ ಬೋಲ್ಡರಿಂಗ್ ವಿಶ್ವಕಪ್ ನಡೆದಿತ್ತು. ಇವಳಾಗ ತೊಟ್ಟಿಲಲ್ಲಿದ್ದಳೋ ಏನೋ.)

ಆಮೇಲೆ ಮುಂಬ್ರಾ ಗುಡ್ಡ. ಅಲ್ಲಿ ಹಳದಿಯೂ ಇಲ್ಲ, ಹಾಸೂ ಇಲ್ಲ. ಸಹ್ಯಾದ್ರಿಯ ಕಪ್ಪು ಬಸಾಲ್ಟ್. ಹಿಡಿದ ಕಲ್ಲು ಕೈಗೇ ಬಂದೀತು, ಸಂತೆಯಲ್ಲಿ ತೆಂಗಿನಕಾಯಿ ಆರಿಸುವಂತೆ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ ಮುಟ್ಟಕೂಡದು. ಕೆಳಗೆ ಹಗ್ಗ ಹಿಡಿದವನ ಮೇಲೆ ಇಟ್ಟಷ್ಟು ನಂಬಿಕೆ ನಾನು ಬ್ಯಾಂಕಿನ ಮೇಲೂ ಇಟ್ಟಿಲ್ಲ.

ಊರಿಗೆ ಫೋನು ಮಾಡಿದೆ. “ಬಾದಾಮಿ ಗುಹೆಯ ಮೆಟ್ಟಿಲು ಹತ್ತೋಕೆ ಎತ್ಕೋ ಅಂತ ಅಳ್ತಿದ್ದೆಯಲ್ಲೋ!” ಎಂದರು ಅಮ್ಮ. ಅದೇ ಬಾದಾಮಿಯ ಕೆಂಪು ಬಂಡೆ ಹತ್ತಲು ಈಗ ಫಾರಿನ್ನವರು ವಿಮಾನದಲ್ಲಿ ಬರುತ್ತಾರೆ.

ಸದ್ಯ ಮಳೆ ಹಿಡಿದಿದೆ, ಬಂಡೆಯೆಲ್ಲ ಪಾಚಿ. ದಸರೆಯವರೆಗೆ ಲೋಕಲ್ಲೇ ಗತಿ.