ಒಳಗೆ ಹರಿ, ಹೊರಗೆ ಹರ

ನಮ್ಮ ಭಾವ ದಾವಣಗೆರೆಯ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ. ಹಮಾಲರ ಕೂಗು, ತೂಕದ ಜಗಳ, ಹಿಂದಕ್ಕೆ ಬರುವ ಲಾರಿಯ ಪೀಂಪೀಂ, ಇಷ್ಟರ ನಡುವೆ ಗಾದಿಗೆ ಒರಗಿ ಮಧ್ಯಾಹ್ನದ ನಿದ್ದೆ ತೆಗೆಯುವ ಗಟ್ಟಿ ಆಸಾಮಿ. ಅವರ ಕಿವಿ ಇಷ್ಟೊಂದು ನಾಜೂಕು ಎಂದು ಮನೆಮಂದಿಗೆ ಗೊತ್ತಾದದ್ದು ಹೊಸ ಕಾರು ತಂದ ಮೂರನೆಯ ವಾರ.

“ಹರಿಹರ ಮುಟ್ಟೋದ್ರಾಗ ತಲಿ ಗುಂಯ್ ಅಂತತಿ ನೋಡಪಾ. ಕಾರು ತಗಂಡೀವೋ ಹಿಟ್ಟಿನ ಗಿರಣಿ ತಗಂಡೀವೋ ಗೊತ್ತಾಗವಲ್ದು” ಅಂದರು.

ದಾವಣಗೆರೆಯಿಂದ ಹರಿಹರಕ್ಕೆ 14 ಕಿಲೋಮೀಟರ್. ತಲೆ ಗುಂಯ್ ಅನ್ನುವುದಕ್ಕೆ ಅಷ್ಟು ದೂರ ಸಾಲದು. ಆದರೂ ಅವರ ದೂರು ಪೂರ್ತಿ ಸುಳ್ಳಲ್ಲ. ಕಾರಿನ ಬಾಗಿಲ ತಗಡು ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ವೇಗ ಅರವತ್ತು ದಾಟಿತೆಂದರೆ ಎಂಜಿನ್ನಿನ ಸದ್ದು ಹಿಂದೆ ಬೀಳುತ್ತದೆ, ಟೈರು ರಸ್ತೆಯ ಜೊತೆ ನಡೆಸುವ ಜಗಳವೇ ಮುಂದಾಗುತ್ತದೆ. ಆ ಜಗಳ ಚಾಸಿ ಹತ್ತಿ, ನೆಲ ಹತ್ತಿ, ಬಾಗಿಲಿಗೆ ಬಂದು, ಖಾಲಿ ಎಣ್ಣೆ ಡಬ್ಬಿ ಬಡಿದಂತೆ ಮೊಳಗುತ್ತದೆ. ರಸ್ತೆ ನುಣುಪಾದರೆ ಅರ್ಧ ಸದ್ದು ಅಲ್ಲೇ ಸಾಯುತ್ತದೆ. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲೇ ಹೆಸರು ಬಂದ ಊರು ನಮ್ಮದು. ರಸ್ತೆ ನುಣುಪು ಮಾಡಿಸಿರೆಂದು ಕೇಳಬಹುದಿತ್ತು. ಆದರೆ ರಸ್ತೆ ಎಲ್ಲರದು, ಬಾಗಿಲು ನಮ್ಮದು. ನಲ್ಲಿ ನೀರು ಸರಿಯಿಲ್ಲವೆಂದು ಫಿಲ್ಟರ್ ತಂದೆವು, ಕರೆಂಟ್ ಇರುವುದಿಲ್ಲವೆಂದು ಯುಪಿಎಸ್ ತಂದೆವು. ಈಗ ನಿಶ್ಶಬ್ದದ ಸರದಿ. ಅದನ್ನೂ ಚದರ ಅಡಿ ಲೆಕ್ಕದಲ್ಲಿ ಮಾರುತ್ತಾರೆ ಎಂದು ಗೊತ್ತಾದ ದಿನವೇ ಭಾವ ನನ್ನನ್ನು ಪಿ.ಬಿ. ರಸ್ತೆಗೆ ಎಳೆದುಕೊಂಡು ಹೋದರು.

ಅಂಗಡಿಯ ಹುಡುಗ ಮೊದಲು ತೋರಿಸಿದ್ದು ಒಂದು ಮಂತ್ರವಿದ್ಯೆ. ಕೌಂಟರ್ ಮೇಲೆ ಎರಡು ತಗಡು. ಒಂದು ಬರಿಮೈ, ಇನ್ನೊಂದಕ್ಕೆ ಬೆಳ್ಳಿ ಹಾಳೆ ಹೊದ್ದ ಕರಿ ಶೀಟು. ಬೆರಳ ಗೆಣ್ಣಿನಿಂದ ಮೊದಲನೆಯದನ್ನು ಬಡಿದ: ಠಣ್. ಎರಡನೆಯದನ್ನು ಬಡಿದ: ಧಪ್. ಖಾಲಿ ಕೊಡ, ತುಂಬಿದ ಕೊಡ. ಭಾವ ತಾವೇ ನಾಲ್ಕು ಸಲ ಬಡಿದು ನೋಡಿದರು. ಮೆಕ್ಕೆಜೋಳದ ಕಾಳನ್ನು ಹಲ್ಲಲ್ಲಿ ಕಚ್ಚಿ ತೇವ ಹೇಳುವ ಮನುಷ್ಯ, ಆ ಠಣ್‌-ಧಪ್ಪಿಗೆ ಐದೇ ನಿಮಿಷದಲ್ಲಿ ಸೋತರು.

ಆ ಪ್ರಯೋಗದಲ್ಲಿ ಮೋಸವಿಲ್ಲ. ಅರ್ಧ ಸತ್ಯ ಇದೆ, ಅಷ್ಟೆ. ಶೀಟು ತಗಡಿನ ಕಂಪನವನ್ನು ನುಂಗಿ ಅಷ್ಟಿಷ್ಟು ಶಾಖ ಮಾಡಿ ಬಿಡುತ್ತದೆ, ತಗಡು ಮೊಳಗುವುದು ನಿಲ್ಲುತ್ತದೆ. ಡ್ಯಾಂಪಿಂಗ್ ಅನ್ನುವುದು ಇದಕ್ಕೇ. ಹೊರಗಿನಿಂದ ಗಾಳಿಯಲ್ಲಿ ಬರುವ ಸದ್ದನ್ನು ತಡೆಯುವುದು ಬೇರೆಯೇ ಕೆಲಸ. ಅದಕ್ಕೆ ಭಾರ ಬೇಕು, ಸಂದುಗಳು ಮುಚ್ಚಿರಬೇಕು. ಗೋಡೆಯ ಭಾರ ಎರಡು ಪಟ್ಟಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕಿವಿಗೆ ಸದ್ದು ಅರ್ಧವಾಯಿತು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಇಳಿಯಬೇಕು. ಹೆದ್ದಾರಿಯಲ್ಲಿ ಯಾರೂ ನಮ್ಮ ಕಾರಿನ ಬಾಗಿಲನ್ನು ಗೆಣ್ಣಿನಿಂದ ಬಡಿಯುತ್ತಾ ಓಡಿ ಬರುವುದಿಲ್ಲ ಭಾವ, ಅಂದೆ. “ನೀ ಸುಮ್ಕಿರಪಾ, ಹುಡುಗ ಹೇಳ್ತಾನ” ಅಂದರು.

ಹುಡುಗ ಹೇಳಿದ. ಕಡಿಮೆ ರೇಟಿನದು ತಾರಿನ ಶೀಟು. ತಾರಸಿ ಸೋರಿದರೆ ಅಂಟಿಸುತ್ತಾರಲ್ಲ, ಅದರದೇ ದಾಯಾದಿ. ಏಪ್ರಿಲ್ ಬಿಸಿಲಿನಲ್ಲಿ ಕಾರನ್ನು ಗುಂಡಿ ವೃತ್ತದ ಹತ್ತಿರ ಎರಡು ತಾಸು ನಿಲ್ಲಿಸಿ ಬಾಗಿಲು ತೆಗೆದರೆ ಹೊಸ ರಸ್ತೆ ಹಾಕುವ ಕಡೆ ನಿಂತಂಥ ವಾಸನೆ. ಶೀಟು ಮೆತ್ತಗಾಗಿ ಜಾರಿ ಬಾಗಿಲ ಬುಡಕ್ಕೆ ಬಂದು ಕೂರುತ್ತದೆ. ರಸ್ತೆಗೆ ಬೀಳದ ತಾರು ಕಾರಿನೊಳಗಾದರೂ ಬಿತ್ತಲ್ಲ ಎಂದು ಸಮಾಧಾನ ಪಡಬಹುದು. ಒಳ್ಳೆಯದು ಬ್ಯುಟೈಲ್, ಅಂದರೆ ಟೈರಿನೊಳಗಿನ ಟ್ಯೂಬಿನ ರಬ್ಬರಿನ ಜಾತಿ. ಹರಿಹರದ ಹುಡುಗರು ಲಾರಿ ಟ್ಯೂಬಿಗೆ ಗಾಳಿ ಹೊಡೆದು ಅದೇ ರಬ್ಬರನ್ನು ತಬ್ಬಿಕೊಂಡು ತುಂಗಭದ್ರೆಯಲ್ಲಿ ಈಜು ಕಲಿತರು, ಖರ್ಚಿಲ್ಲದೆ. ಅದಕ್ಕೇ ಅಲ್ಯುಮಿನಿಯಂ ಹಾಳೆ ಹೊದಿಸಿ ಇಂಗ್ಲಿಷ್ ಹೆಸರಿಟ್ಟರೆ ರೇಟು ಬೇರೆ.

ಮೂರನೆಯದು ನನ್ನ ಹೊಟ್ಟೆ ಚುರ್ ಅನ್ನಿಸಿದ್ದು. ಕಾರ್ಪೆಟ್ ಕೆಳಗೆ ಹಾಸುವ ಬೂದು ಕಂಬಳಿಯಂಥ ಫೆಲ್ಟ್. ಏನಪಾ ಇದು ಅಂದರೆ, “ಹತ್ತಿ ವೇಸ್ಟ್ ಅಣ್ಣ, ಹಳೇ ಬಟ್ಟಿ ಚೂರು ಮಾಡಿ ಒತ್ತಿರ್ತಾರ.” ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರಿನವರಿಗೆ ಹತ್ತಿ ಪರಿಚಯ ಮಾಡಿಸುತ್ತಿದ್ದಾನೆ! ಕಾಟನ್ ಮಿಲ್ಲಿನ ಸೈರನ್ ಕೂಗಿದರೆ ಊರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಕಾಲವಿತ್ತು. ಅತ್ತ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಲೇತ್‌ಗಳು ದೇಶಕ್ಕೆಲ್ಲ ಕಬ್ಬಿಣ ಕಡೆದುಕೊಟ್ಟವು. ಆ ಸದ್ದು ಯಾರಿಗೂ ತಲೆನೋವು ಅನ್ನಿಸಲಿಲ್ಲ, ಅದರಲ್ಲಿ ತಿಂಗಳ ಸಂಬಳದ ಲಯ ಇತ್ತು. ಆಮೇಲೆ ಒಂದೊಂದೇ ಅಡಗಿದವು. ಎಂಥ ಡ್ಯಾಂಪಿಂಗ್ ಅಂತೀರಿ, ಒಂದು ಶೀಟೂ ಖರ್ಚಾಗಲಿಲ್ಲ.

ಅಂಟಿಸುವ ಕೆಲಸ ಎರಡು ದಿನ. ಪ್ರತಿ ತಗಡಿನ ನಡುಭಾಗದಲ್ಲಿ ಕಾಲುಪಾಲು ಜಾಗಕ್ಕೆ ಅಂಟಿಸಿದರೆ ಮೊಳಗುವುದು ಬಹುಪಾಲು ನಿಲ್ಲುತ್ತದೆ, ಉಳಿದದ್ದೆಲ್ಲ ಭಾರ ಮತ್ತು ಬಿಲ್ಲು. ಇದನ್ನು ಹೇಳಿದ್ದಕ್ಕೆ ಭಾವ ನನ್ನನ್ನು ಬೆಣ್ಣೆದೋಸೆಗೆ ಬೆಣ್ಣೆ ಕಮ್ಮಿ ಹಾಕಿ ಅಂದವನನ್ನು ನೋಡುವ ಹಾಗೆ ನೋಡಿದರು. “ಕಾಲುಪಾಲು ಅಂದ್ರ ಏನಪಾ, ಬಡವ್ರಂಗ? ಫುಲ್ ಹಾಕ್ಸು.” ನಾಲ್ಕು ಬಾಗಿಲು, ನೆಲ, ಡಿಕ್ಕಿ, ಚಾವಣಿ. ಸೀಟು ಬಿಚ್ಚಿ ಹೊರಗಿಟ್ಟ ಕಾರು ಮದುವೆ ಮುಗಿದ ಮರುದಿನದ ಮನೆಯ ಹಾಗೆ ಕಂಡಿತು. ಬಾಗಿಲ ಒಳಪಟ್ಟಿ ಬಿಚ್ಚುವಾಗ ಪ್ಲಾಸ್ಟಿಕ್ ಕ್ಲಿಪ್ಪುಗಳು ಪಟ್ ಪಟ್ ಮುರಿದವು. “ಏನಾಗಲ್ಲ ಅಣ್ಣ, ಗಮ್ ಹಾಕ್ತೀವಿ.” ತಗಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಧೂಳು, ಜಿಡ್ಡು ತೆಗೆಯದಿದ್ದರೆ ಶೀಟು ನಿಲ್ಲುವುದಿಲ್ಲ, ಹುಡುಗ ಹೆಗಲ ಮೇಲಿನ ಟವೆಲ್‌ನಿಂದ ಒಂದು ಸಲ ಒರೆಸಿದ, ಅದೇ ಟವೆಲ್‌ನಿಂದ ಮುಖವನ್ನೂ ಒರೆಸಿಕೊಂಡ. ರೋಲರ್ ಒತ್ತಿ ಒತ್ತಿ ಗಾಳಿಗುಳ್ಳೆ ತೆಗೆದ. ಎಲ್ಲಿ ತೂತು ಕಂಡಿತೋ ಅಲ್ಲೆಲ್ಲ ಮುಚ್ಚಿದ.

ಬಾಗಿಲ ಬುಡದಲ್ಲಿ ಕೆಲವು ತೂತುಗಳನ್ನು ಕಂಪನಿಯವರು ಬೇಕಂತಲೇ ಬಿಟ್ಟಿರುತ್ತಾರೆ. ಗಾಜಿನ ಮೇಲೆ ಬಿದ್ದ ಮಳೆನೀರು ಒಳಗಿಳಿದು ಹೊರಗೆ ಹೋಗಲಿ ಎಂದು. ಅದು ನಮಗೆ ತಿಳಿದದ್ದು ಮೊದಲ ಮುಂಗಾರಿನಲ್ಲಿ. ಬ್ರೇಕ್ ಹಾಕಿದರೆ ಬಾಗಿಲೊಳಗೆ ಗುಳುಗುಳು, ತಿರುವಿನಲ್ಲಿ ಗುಳುಗುಳು. ತುಂಗಭದ್ರೆಯನ್ನು ನೋಡಲು ಹರಿಹರದ ಸೇತುವೆಗೇ ಹೋಗಬೇಕೆಂದಿಲ್ಲ, ಎಡಗಡೆ ಬಾಗಿಲಲ್ಲೇ ಹರಿಯುತ್ತಿದ್ದಳು.

ಅಷ್ಟು ಬಿಟ್ಟರೆ ಕಾರು ತಣ್ಣಗಾದದ್ದು ನಿಜ. ಸಮಸ್ಯೆ ಶುರುವಾದದ್ದು ಅಲ್ಲಿಂದ. ದೊಡ್ಡ ಸದ್ದು ಎದ್ದು ಹೋದ ಮೇಲೆ ಅದರ ಬೆನ್ನ ಹಿಂದೆ ಅಡಗಿದ್ದ ಸಣ್ಣವೆಲ್ಲ ಮುಂದೆ ಬಂದು ಕೂತವು. ಸೀಟ್ ಬೆಲ್ಟಿನ ಬಕ್ಕಲ್ ಟಿಕ್ ಅನ್ನುತ್ತದೆ. ಡ್ಯಾಶ್‌ಬೋರ್ಡಿನ ಗಣಪ ನಡುಗುತ್ತಾನೆ. ಟೋಲ್‌ಗೆಂದು ಇಟ್ಟ ಹಳೆಯ ಚಿಲ್ಲರೆ ಮಾತಾಡುತ್ತದೆ. ಗಮ್ ಹಾಕಿದ ಕ್ಲಿಪ್ಪಂತೂ ಬಾಯಿ ಮುಚ್ಚುವುದೇ ಇಲ್ಲ. ಭಾವ ಒಂದು ಕಿವಿ ರಸ್ತೆಗೆ, ಒಂದು ಕಿವಿ ಕಾರಿಗೆ ಕೊಟ್ಟು ಓಡಿಸತೊಡಗಿದರು. ಒಂದು ದಿನ ತಡೆಯಲಾರದೆ ಹಿಂದೆ ತಿರುಗಿ ಅಕ್ಕನಿಗೆ, “ಆ ಬಳಿ ಒಂದೀಟು ತೆಗ್ದಿಡು” ಅಂದರು.

“ಬಳಿ ತೆಗಿಯೋದು ಯಾವಾಗ ಅಂತ ಗೊತ್ತೈತೇನ್ರಿ ನಿಮಗ?” ಅಂದಳು ಅಕ್ಕ.

ಆಮೇಲೆ ಹರಿಹರದವರೆಗೂ ಕಾರಿನಲ್ಲಿ ಶೀಟು ಕೊಡಲಾರದಷ್ಟು ಮೌನವಿತ್ತು.

ಇಷ್ಟಾಗಿಯೂ ಆ ಅಂಗಡಿಯ ನಿಜವಾದ ಗಿರಾಕಿಗಳು ಭಾವನಂಥವರಲ್ಲ. ಅವರ ಮಗನಂಥವರು. ನನ್ನ ಅಳಿಯ ಅಪ್ಪನ ಶೀಟಿನ ಬಿಲ್ಲಿನ ಹಿಂದೆಯೇ ಡಿಕ್ಕಿಗೊಂದು ವೂಫರ್ ಸೇರಿಸಿದ್ದ. ತಗಡು ನಡುಗದಿದ್ದರೆ ಬೇಸ್ ಬಿಗಿಯಾಗಿ ಬರುತ್ತದೆ, ನಂಬರ್ ಪ್ಲೇಟ್ ಕಟಕಟ ಅನ್ನುವುದಿಲ್ಲ. ಸದ್ದಡಗಿಸುವ ಶೀಟು ಹೆಚ್ಚು ಖರ್ಚಾಗುವುದು ಸದ್ದು ಮಾಡುವವರಿಂದಲೇ. ಕಬ್ಬು ಹೊತ್ತ ಟ್ರ್ಯಾಕ್ಟರಿನವರು ಇವರಿಗಿಂತ ಪ್ರಾಮಾಣಿಕರು. ಅವರು ಎರಡಾಳೆತ್ತರದ ಬಾಕ್ಸ್ ಕಟ್ಟಿಕೊಂಡು ತಮ್ಮ ಕಿವಿಯನ್ನೂ ನಮ್ಮ ಕಿವಿಯನ್ನೂ ಸಮಾನವಾಗಿ ಕೊಲ್ಲುತ್ತಾರೆ, ಭೇದವಿಲ್ಲ.

ಇದಕ್ಕೆಲ್ಲ ಹರಿಹರದಲ್ಲಿ ಶಾಸ್ತ್ರಾಧಾರ ಇದೆ. ಹರಿಯಿಂದಲೂ ಸಾಯಬಾರದು, ಹರನಿಂದಲೂ ಸಾಯಬಾರದು ಎಂದು ವರ ಪಡೆದ ಗುಹಾಸುರನನ್ನು ಮುಗಿಸಲು ಇಬ್ಬರೂ ಒಂದೇ ಮೈಯಾಗಿ ಬಂದರಂತೆ. ಹೊಯ್ಸಳ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಆ ಮೂರ್ತಿ ಇದೆ. ನಮ್ಮ ಭಾವನ ಕಾರೂ ಹಾಗೇ ಆಗಿದೆ. ಒಳಗೆ ಹರಿ: ಹಾಲುಗಡಲ ಮೇಲೆ ಮಲಗಿದಂಥ ನಿಶ್ಶಬ್ದ, ಏಸಿ, ಮೆತ್ತನೆ ಸೀಟು. ಹೊರಗೆ ಹರ: ಡಮರು, ತಾಂಡವ. ಒಳಗಿನ ಹರಿಗೆ ಹೊರಗಿನ ಹರ ಏನು ಮಾಡುತ್ತಿದ್ದಾನೆ ಅನ್ನುವುದೇ ಕೇಳಿಸದು.

ಸರ್ಕಾರ ಸುಮ್ಮನೆ ಕೂತಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿಯಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಎಂದು ಸಾರಬಹುದು. ಅಲ್ಲಿ ಹಗಲು 50, ರಾತ್ರಿ 40. ಬಾಪೂಜಿ ಆಸ್ಪತ್ರೆ, ಜೆಜೆಎಂ ಮೆಡಿಕಲ್ ಕಾಲೇಜು, ಚಿಗಟೇರಿ ಜಿಲ್ಲಾಸ್ಪತ್ರೆ, ಹೆಜ್ಜೆಗೊಂದು ನರ್ಸಿಂಗ್ ಹೋಮ್, ಮಗ್ಗುಲಿಗೊಂದು ಕಾಲೇಜು ಇರುವ ಊರಿನಲ್ಲಿ ನೂರು ಮೀಟರಿನ ವೃತ್ತ ಎಳೆಯುತ್ತ ಹೋದರೆ ಪೇಟೆಯ ಬಹುಭಾಗ ಪಿಸುಮಾತಿನಲ್ಲೇ ವ್ಯಾಪಾರ ಮಾಡಬೇಕು. ಮಾಡುತ್ತೇವೆಯೇ? ಅಶೋಕ ಟಾಕೀಸಿನ ಹತ್ತಿರ ಮುಚ್ಚಿದ ರೈಲ್ವೆ ಗೇಟಿಗೆ ಹಾರ್ನ್ ಹೊಡೆದು ಬೆಳೆದ ತಲೆಮಾರು ನಮ್ಮದು. ರೈಲು ನಮ್ಮ ಹಾರ್ನಿಗೆ ಹೆದರಿ ಬೇಗ ಓಡುತ್ತದೆ ಎಂಬ ನಂಬಿಕೆ ರಕ್ತದಲ್ಲಿದೆ. ಯುರೋಪಿನಲ್ಲಿ ಕತೆ ಉಲ್ಟಾ: ಬ್ಯಾಟರಿ ಕಾರು ಸದ್ದೇ ಮಾಡದೆ ಬಂದು ನಡೆಯುವವರಿಗೆ ಗುದ್ದಬಾರದೆಂದು, 2021ರಿಂದ ಹೊಸ ಬ್ಯಾಟರಿ ಕಾರುಗಳೆಲ್ಲ ನಿಧಾನ ಹೋಗುವಾಗ ಸುಳ್ಳು ಸದ್ದು ಹೊರಡಿಸಲೇಬೇಕೆಂದು ಕಾನೂನಿದೆ. ದಾವಣಗೆರೆಯಿಂದ ನಾಲ್ಕು ಜನರನ್ನು ಕಳಿಸಿದರೆ ಆ ಯಂತ್ರದ ಖರ್ಚು ಉಳಿಯುತ್ತಿತ್ತು.

ಮೊನ್ನೆ ಹರಿಹರದ ಗುಡಿಯ ಬೀದಿಯಲ್ಲಿ ಭಾವ ಹಾರ್ನ್ ಒತ್ತಿದರು. ಮುಂದಿದ್ದ ಆಟೋ ಸರಿಯಲಿಲ್ಲ. ಮತ್ತೆ ಒತ್ತಿದರು. ಒತ್ತಿದ ಕೈ ತೆಗೆಯಲೇ ಇಲ್ಲ. ಗಾಜಿನಾಚೆ ಹೂ ಮಾರುವ ಅಜ್ಜಿ ಎರಡೂ ಕಿವಿಗೆ ಕೈ ಕೊಟ್ಟು ನಮ್ಮ ಕಡೆ ನೋಡಿ ಏನೋ ಅಂದಳು. ಬಾಯಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ. ಶೀಟಿಗೆ ಕೊಟ್ಟ ದುಡ್ಡು ಅಲ್ಲಿಗೆ ವಸೂಲಾಯಿತು.

“ಹಾರ್ನ್ ಯಾಕೋ ಮೆತ್ತಗಾಗೈತಿ ನೋಡಪಾ” ಅಂದರು ಭಾವ.

ಮೆತ್ತಗಾಗಿಲ್ಲ ಭಾವ, ಹಾರ್ನ್ ಇರೋದು ಹೊರಗೆ, ಶೀಟು ಇರೋದು ಒಳಗೆ, ಅಂದೆ. ಅವರು ಆಗಲೇ ಫೋನು ತೆಗೆದಿದ್ದರು. ಸಂಜೆ ಪಿ.ಬಿ. ರಸ್ತೆಯ ಅದೇ ಅಂಗಡಿ, ಅದೇ ಹುಡುಗ, ಅದೇ ಟವೆಲ್. “ಡಬಲ್ ಟೋನ್ ಹಾಕಿಬಿಡಾಣ ಅಣ್ಣ, ರೈಲು ಬಂದಂಗಾಗ್ತತಿ” ಅಂದ. ಅರ್ಧ ತಾಸಿನಲ್ಲಿ ಜೋಡಿಸಿ ಒಮ್ಮೆ ಒತ್ತಿದ. ಕಾರಿನ ಹೊರಗೆ ನಿಂತಿದ್ದ ಭಾವ ಎರಡೂ ಕಿವಿ ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಕೈ ತೆಗೆದು, ಮುಖ ಅರಳಿಸಿ, ಜೇಬಿಗೆ ಕೈ ಹಾಕಿದರು.

“ಈಗ ಸರಿ ಆತು ನೋಡು. ಎಷ್ಟಪಾ ಇದಕ್ಕ?”