ಚೊಂಬಿಗೊಂದು ನೆಗ್ಗು

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಡಿಜಿಟಲ್ ಮೀಡಿಯಾ ಆರ್ಟ್ ಓದುತ್ತಿದ್ದಾಳೆ. ಎಂಜಿನಿಯರಿಂಗ್ ಓದುವವರಿಗೆ ಮದುವೆಮನೆಗಳಲ್ಲಿ ಕಾಟ ಕಡಿಮೆ. ಪ್ಲೇಸ್‌ಮೆಂಟ್ ಆಯ್ತಾ ಎಂದು ಕೇಳಿ ಬಿಟ್ಟುಬಿಡುತ್ತಾರೆ. ಇವಳಿಗಾದರೆ ಕೆಲಸವನ್ನೇ ಹಚ್ಚುತ್ತಾರೆ. ಒಬ್ಬರ ಮನೆಯ ಪ್ರಿಂಟರ್ ಕೈಕೊಟ್ಟಿರುತ್ತದೆ. ಇನ್ನೊಬ್ಬರಿಗೆ ಗೃಹಪ್ರವೇಶದ ವಿಡಿಯೊದಿಂದ, ಆಮೇಲೆ ಮಾತು ಬಿಟ್ಟ ಷಡ್ಡಕನನ್ನು ಅಳಿಸಬೇಕಾಗಿರುತ್ತದೆ. 'ಮೀಡಿಯಾ ಅಂದ್ಮೇಲೆ ಟಿವೀಲಿ ಯಾವಾಗ ಬರ್ತೀಯಮ್ಮಾ?' ಎಂದು ಕೇಳುವ ಹಿರಿಯರಿಗೂ ಬರವಿಲ್ಲ.

ಅವಳು ಏನು ಕಲಿಯುತ್ತಾಳೆಂದು ನನಗೆ ಹೊಳೆಯತೊಡಗಿದ್ದು ಒಂದು ಟೀಪಾಟ್‌ನಿಂದ. 1975ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಟಿನ್ ನ್ಯೂವೆಲ್‌ಗೆ ಕಂಪ್ಯೂಟರಿನಲ್ಲಿ ಮೂಡಿಸಿ ನೋಡಲು ಯಾವುದಾದರೂ ವಸ್ತು ಬೇಕಿತ್ತು. ಟೀ ಕುಡಿಯುತ್ತ ಕುಳಿತಿದ್ದಾಗ ಹೆಂಡತಿ, ಈ ಟೀಪಾಟನ್ನೇ ಮಾಡಬಾರದೇಕೆ ಎಂದರಂತೆ. ಆತ ಅದನ್ನು ಪೆನ್ಸಿಲಿನಲ್ಲಿ ಬರೆದುಕೊಂಡು, ಅಂಕಿಗಳಾಗಿಸಿ ಯಂತ್ರಕ್ಕೆ ಉಣಿಸಿದ. ಅಂದಿನಿಂದ ಕಂಪ್ಯೂಟರ್ ಚಿತ್ರ ಕಲಿಯುವವರಿಗೆಲ್ಲ ಅದು ಪರಿಚಯದ ಪಾತ್ರೆ. 3ಡಿಎಸ್ ಮ್ಯಾಕ್ಸ್ ತಂತ್ರಾಂಶದಲ್ಲಿ ಗೋಳ, ಘನಗಳ ಸಾಲಿನಲ್ಲೇ ಅದಕ್ಕೂ ಒಂದು ಗುಂಡಿಯಿದೆ. ಮೂಲ ಪಿಂಗಾಣಿ ಪಾತ್ರೆ ಕ್ಯಾಲಿಫೋರ್ನಿಯದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ. ನ್ಯೂವೆಲ್ ತನ್ನ ಅಂಕಿಗಳಲ್ಲಿ ಅದಕ್ಕೆ ತಳವನ್ನೇ ಕೊಟ್ಟಿರಲಿಲ್ಲ. ಸಾಲದ್ದಕ್ಕೆ ಅವನ ಸಹೋದ್ಯೋಗಿ ಜಿಮ್ ಬ್ಲಿನ್ ಮೇಲಿನಿಂದ ಒತ್ತಿ ಗಿಡ್ಡ ಮಾಡಿದ. ಜಗತ್ತಿಗೆ ಗೊತ್ತಿರುವುದು ಆ ಗಿಡ್ಡ ಪಾತ್ರೆಯೇ. ಹೆಂಡತಿಯ ಮಾತು ಕೇಳಿದವನ ಹೆಸರು ಉಳಿಯಿತು ಎಂದು ನಾನು ಇದನ್ನು ಮನೆಯಲ್ಲಿ ಹೇಳಿದ್ದು ಅವಿವೇಕವೇ ಇರಬೇಕು. ಅಂದಿನಿಂದ ಅದು ಆಗಾಗ ನನಗೇ ಉದಾಹರಣೆಯಾಗಿ ವಾಪಸು ಬರುತ್ತದೆ.

ನಮ್ಮ ಹುಡುಗಿಗೆ ಟೀಪಾಟ್ ಬೇಡವಾಯಿತು. ಮನೆಯ ಯಾವುದಾದರೂ ಹಳೆಯ ವಸ್ತುವನ್ನು ಮಾಡಿ ತನ್ನಿ ಎಂದು ಮೇಷ್ಟರು ಹೇಳಿದ್ದರಿಂದ ಅಜ್ಜಿಯ, ಅಂದರೆ ನನ್ನ ಅಮ್ಮನ, ಹಿತ್ತಾಳೆ ಚೊಂಬನ್ನು ಆರಿಸಿಕೊಂಡಳು. ಚೊಂಬು ಒಂದು ಮಧ್ಯಾಹ್ನದಲ್ಲಿ ಆಗಿಹೋಯಿತು. ಅರ್ಧ ಗೆರೆ ಎಳೆದು ಗಿರ್ರನೆ ತಿರುಗಿಸಿದರೆ ಯಂತ್ರ ಪೂರ್ತಿ ಚೊಂಬನ್ನೇ ಕೊಡುತ್ತದೆ, ಯಾವ ಕಂಚುಗಾರನ ಕೈಯಲ್ಲೂ ಆಗದಷ್ಟು ಗುಂಡಗೆ. ತೊಂದರೆ ಶುರುವಾದದ್ದೇ ಅಲ್ಲಿ. ಅಷ್ಟು ಗುಂಡಗಿನ ಚೊಂಬನ್ನು ಯಾರೂ ನಂಬುವುದಿಲ್ಲ. ಇನ್ನು ಅದಕ್ಕೆ ಗೀರು ಹಾಕಬೇಕು, ಹುಣಸೆಹಣ್ಣು ತಲುಪದ ಸಂದಿಯಲ್ಲಿ ಕಿಲುಬು ಕೂರಿಸಬೇಕು, ಹೊಟ್ಟೆಯ ಮೇಲೊಂದು ನೆಗ್ಗು ಬೀಳಿಸಬೇಕು. ಯಂತ್ರ ಪುಕ್ಕಟೆಯಾಗಿ ಕೊಟ್ಟ ಅಂದವನ್ನು ಕೆಡಿಸುವುದಕ್ಕೆ ವಾರಗಟ್ಟಲೆ ನಿದ್ದೆಗೆಟ್ಟು ದುಡಿಯುವ ವಿದ್ಯೆ ಇದು. 'ನೆಗ್ಗಿಸೋದು ಕಲಿಯೋಕೂ ಫೀಸಾ?' ಎಂದರು ಅಮ್ಮ. 'ನಿಮ್ಮ ತಾತ ಒಂದೇ ಏಟಿಗೆ ಮಾಡಿದ್ರು.'

ಈ ಕೆಡಿಸುವ ವಿದ್ಯೆಗೂ ಒಂದು ವಂಶಾವಳಿಯಿದೆ. ಹಂಗೇರಿಯಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲೆಸಿದ ವೆರಾ ಮೋಲ್ನಾರ್ ಕಂಪ್ಯೂಟರಿನಲ್ಲಿ ಚಿತ್ರ ಬರೆಯತೊಡಗಿದ್ದು 1968ರಲ್ಲಿ. ಅದಕ್ಕೂ ಮೊದಲು ಆಕೆ ಯಂತ್ರವೊಂದು ಇದೆಯೆಂದೇ ಕಲ್ಪಿಸಿಕೊಂಡು, ತಾನೇ ಹಾಕಿಕೊಂಡ ನಿಯಮದಂತೆ ಹೆಜ್ಜೆಹೆಜ್ಜೆಯಾಗಿ ಕೈಯಲ್ಲಿ ಬರೆಯುತ್ತಿದ್ದರು. (ಪುಸ್ತಕದಲ್ಲಿ ಮೌಸಿನ ಚಿತ್ರ ನೋಡಿಯೇ ಕಂಪ್ಯೂಟರ್ ಪರೀಕ್ಷೆ ಪಾಸಾದ ನಮ್ಮ ತಲೆಮಾರಿಗೆ ಇದರಲ್ಲಿ ವಿಶೇಷವೇನೂ ಕಾಣದು.) ಯಂತ್ರ ಸಿಕ್ಕಮೇಲೆ ಚೌಕಗಳನ್ನು ಶಿಸ್ತಾಗಿ ನಿಲ್ಲಿಸಿ, ಅವುಗಳೊಳಗೆ ಶೇ. 1ರಷ್ಟು ಅವ್ಯವಸ್ಥೆಯನ್ನು ಬೆರೆಸಿದರು. ಶೇ. 1 ಸಾಕು, ಕಣ್ಣು ಅಲ್ಲೇ ನಿಲ್ಲುತ್ತದೆ. 2023ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ. ನೂರಕ್ಕೆ ಒಂದು ಕಡಿಮೆ.

ನೆಗ್ಗು ಬಿದ್ದ ಚೊಂಬು ಪರದೆಯ ಮೇಲೆ ಸುತ್ತಬೇಕಲ್ಲ, ಅದಕ್ಕೆ ರೆಂಡರಿಂಗ್, ಅಂದರೆ ಯಂತ್ರ ಒಂದೊಂದೇ ಚಿತ್ರವನ್ನು ಬಿಡಿಸಿಕೊಡಬೇಕು. ಸೆಕೆಂಡಿಗೆ 24 ಚಿತ್ರದಂತೆ 10 ಸೆಕೆಂಡಿಗೆ 240 ಚಿತ್ರ. ಒಂದೊಂದಕ್ಕೆ ಐದು ನಿಮಿಷ ಹಿಡಿದರೂ 20 ಗಂಟೆ ಲ್ಯಾಪ್‌ಟಾಪ್ ಬುಸುಗುಡುತ್ತಿರಬೇಕು. ಅಮ್ಮನಿಗೋ, ಯಾರೂ ಇಲ್ಲದ ಕೋಣೆಯಲ್ಲಿ ಸ್ವಿಚ್ ಆರಿಸುವುದು ಜೀವನವ್ರತ. 'ಮುಟ್ಟಬೇಡಿ, ಚೊಂಬು ಬೇಯುತ್ತಿದೆ' ಎಂದು ಹುಡುಗಿ ಬಾಗಿಲಿಗೆ ಚೀಟಿ ಅಂಟಿಸಿದಳು. ಅಮ್ಮ ಓದಿದರು, ಮುಟ್ಟಲಿಲ್ಲ, ಫ್ಯಾನ್ ಮಾತ್ರ ಆರಿಸಿ ಬಂದರು.

ಮೇಷ್ಟರು ಒಳ್ಳೆಯ ಅಂಕ ಕೊಟ್ಟರು. ಆ ಧೈರ್ಯದಲ್ಲಿ ಹುಡುಗಿ ಅಜ್ಜಿಯ ಮುಂದೆ ಲ್ಯಾಪ್‌ಟಾಪ್ ಇಟ್ಟಳು. ಅಮ್ಮ ಕನ್ನಡಕ ಸರಿಮಾಡಿಕೊಂಡು ಎರಡು ಸುತ್ತು ನೋಡಿದರು.

'ಕಿಲುಬು ಸರಿಯಾಗಿದೆ. ನೆಗ್ಗು ಸುಳ್ಳು.'

'ಯಾಕಜ್ಜಿ?'

'ಚೊಂಬು ಕೈಜಾರಿದ್ರೆ ಕಂಠಕ್ಕೆ ಪೆಟ್ಟು ಬೀಳೋದು ಕಣೇ. ಹೊಟ್ಟೆ ನೆಗ್ಗಬೇಕಾದ್ರೆ ಯಾರಾದ್ರೂ ಎಸೆದಿರಬೇಕು.'

'ತಾತ ಎಸೆದಿದ್ರಾ?'

ಅಮ್ಮ ಅದನ್ನು ಕೇಳಿಸಿಕೊಳ್ಳಲಿಲ್ಲ. 'ಹಾಗಾದ್ರೆ ಒಂದ್ಸಲ ಬೀಳಿಸಿ ತೋರಿಸಜ್ಜಿ, ವಿಡಿಯೊ ತಗೋತೀನಿ' ಎಂದು ಹುಡುಗಿ ಮೊಬೈಲ್ ಹಿಡಿದು ನಿಂತಳು. ಅಮ್ಮ ಹಿತ್ತಾಳೆ ಚೊಂಬನ್ನು ಎತ್ತಿ ಒಳಗಿಟ್ಟು, ನನ್ನ ಮದುವೆಯಲ್ಲಿ ಯಾರೋ ಮುಯ್ಯಿ ಮಾಡಿದ್ದ ಸ್ಟೀಲ್ ಚೊಂಬನ್ನು ತಂದುಕೊಟ್ಟರು.