ಬೊಟ್ಟಿಟ್ಟ ಬಟನ್ನು

ವಾಷಿಂಗ್ ಮೆಷಿನ್ನು, ಮೈಕ್ರೋವೇವು, ಟಿ.ವಿ. ರಿಮೋಟು ಇವುಗಳ ಜೊತೆ ಜನ ಹೇಗೆ ಸಂಸಾರ ಮಾಡುತ್ತಾರೆಂದು ಮನೆಮನೆಗೆ ಹೋಗಿ ನೋಡಿಬರುವುದು ನನ್ನ ಉದ್ಯೋಗ. ವಿಸಿಟಿಂಗ್ ಕಾರ್ಡಿನಲ್ಲಿ ‘ಯೂಸರ್ ಎಕ್ಸ್‌ಪೀರಿಯನ್ಸ್ ರಿಸರ್ಚರ್’ ಎಂದಿದೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ನಾನು ‘ಸರ್ವೀಸಿನವಳು’. ಕೂತ ಕೂಡಲೇ ಕೆಟ್ಟುಹೋದ ಮಿಕ್ಸಿಯೊಂದು ಮುಂದೆ ಬಂದು ಕೂರುತ್ತದೆ.

ನನ್ನ ಕಸುಬಿನ ದೊಡ್ಡ ಶತ್ರು ನಮ್ಮವರ ಸಜ್ಜನಿಕೆ. ‘ಮೆಷಿನ್ ಹೇಗಿದೆ ಅಮ್ಮಾ?’ ಎಂದರೆ, ‘ಚೆನ್ನಾಗಿದೆ, ಕಾಫಿ ತಗೊಳ್ಳಿ.’ ‘ಏನೂ ತೊಂದರೆ ಇಲ್ವಾ?’ ‘ಏನಿಲ್ಲ, ಇನ್ನೊಂಚೂರು ಉಪ್ಪಿಟ್ಟು ಹಾಕಲಾ?’ ಕಂಪನಿಯವಳ ಎದುರು ಮೆಷಿನ್ನನ್ನು ಬೈಯುವುದು, ಬೀಗರ ಎದುರು ಸೊಸೆಯನ್ನು ಬೈದಷ್ಟೇ ಅಪಚಾರ. ಹಾಗಾಗಿ ನಾವು ಕಿವಿಗಿಂತ ಕಣ್ಣನ್ನು ನಂಬುತ್ತೇವೆ.

ಬಳಕೆಯ ತೊಡಕುಗಳಲ್ಲಿ ಶೇ 85ರಷ್ಟನ್ನು ಹಿಡಿಯಲು ಐದು ಜನರನ್ನು ಪರೀಕ್ಷಿಸಿದರೆ ಸಾಕೆಂದು ನಮ್ಮ ಕ್ಷೇತ್ರದ ತಜ್ಞ ಜೇಕಬ್ ನೀಲ್ಸನ್ 2000ರಲ್ಲಿ ಬರೆದರು. ಅವರ ಐವರು ಬೇರೆಬೇರೆಯಾಗಿ ಕೂರುವವರು. ನಮ್ಮಲ್ಲಿ ಒಬ್ಬರನ್ನು ಗೊತ್ತುಮಾಡಿಕೊಂಡು ಹೋದರೆ ಐವರೂ ಒಂದೇ ಸೋಫಾದಲ್ಲಿ ಸಿಗುತ್ತಾರೆ. ಪ್ರಶ್ನೆ ಬಟ್ಟೆ ಒಗೆಯುವ ಸೊಸೆಗೆ, ಉತ್ತರ ಕೊಡುವವರು ಮೆಷಿನ್ ಮುಟ್ಟದ ಯಜಮಾನರು, ತಿದ್ದುವವರು ಅತ್ತೆ. ಪಕ್ಕದ ಮನೆಯಾಕೆ ತಮ್ಮ ಮೆಷಿನ್ನೇ ಮೇಲೆಂದು ತೀರ್ಪು ಕೊಟ್ಟು ಎದ್ದುಹೋಗುತ್ತಾರೆ.

‘ಕೆಲಸ ಮಾಡುತ್ತಾ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ’ ಎನ್ನುವುದು ನಮ್ಮ ಇನ್ನೊಂದು ಪದ್ಧತಿ. ಬಸವನಗುಡಿಯ ಅಜ್ಜಿಯೊಬ್ಬರು ನಾಬ್ ತಿರುಗಿಸುತ್ತಾ ಚಾಚೂ ತಪ್ಪದೆ ಹಾಗೇ ಮಾಡಿದರು: ‘ಒಲೆ ಮೇಲೆ ಹಾಲಿಟ್ಟಿದೀನಿ... ಈ ಹುಡುಗಿಗೆ ಮದುವೆ ಆಗಿದೆಯೋ ಇಲ್ಲವೋ...’ ಪದ್ಧತಿಯಲ್ಲಿ ಲೋಪವಿಲ್ಲ. ಅವರ ಮನಸ್ಸಿಗೆ ಮೆಷಿನ್ನು ಬಂದಿರಲಿಲ್ಲ, ಅಷ್ಟೆ.

ಬರುವ ಅಗತ್ಯವೂ ಇರಲಿಲ್ಲ. ಹದಿನಾಲ್ಕು ಬಗೆಯ ಒಗೆತ ಬರೆದಿದ್ದ ಫಲಕದಲ್ಲಿ ಒಂದರ ಪಕ್ಕ ಮಾತ್ರ ಕೆಂಪು ಸ್ಟಿಕ್ಕರ್ ಬೊಟ್ಟು; ‘ಸ್ಟಾರ್ಟ್’ ಬಟನ್ನಿಗೆ ಇನ್ನೊಂದು. ‘ಇಲ್ಲಿಗೆ ತಿರುಗಿಸೋದು, ಇದನ್ನ ಒತ್ತೋದು. ಮಿಕ್ಕಿದ್ದೆಲ್ಲ ಅಲಂಕಾರಕ್ಕೆ ಕಣಮ್ಮ’ ಎಂದರು. ‘ತಳ್ಳಿ’ ಎಂದು ಚೀಟಿ ಅಂಟಿಸಬೇಕಾಗಿ ಬಂದರೆ ತಪ್ಪು ತಳ್ಳುವವರದಲ್ಲ, ಬಾಗಿಲಿನದು ಎಂಬಂಥ ಮಾತನ್ನು ಒಪ್ಪಿಸಲು ವಿನ್ಯಾಸ ತಜ್ಞ ಡಾನ್ ನಾರ್ಮನ್ 1988ರಲ್ಲಿ ಇಡೀ ಪುಸ್ತಕವನ್ನೇ ಬರೆಯಬೇಕಾಯಿತು. ಅಜ್ಜಿಗೆ ಎರಡು ಬೊಟ್ಟು ಸಾಕಾಗಿತ್ತು.

ಆ ಫಲಕದ ಫೋಟೋ ತೆಗೆದು ಆಫೀಸಿನಲ್ಲಿ ತೋರಿಸಿದೆ. ಎಲ್ಲರೂ ತಲೆದೂಗಿದರು. ಹದಿಮೂರನ್ನು ತೆಗೆದುಹಾಕೋಣವೇ ಎಂದಾಗ ಮಾತ್ರ ಮಾರ್ಕೆಟಿಂಗಿನವರು ಬೆಚ್ಚಿಬಿದ್ದರು. ಅಂಗಡಿಯಲ್ಲಿ ಜನ ಕಾಸಿಗೆಷ್ಟು ಬಗೆ ಎಂದು ಎಣಿಸಿಯೇ ಕೊಳ್ಳುತ್ತಾರೆ ಎಂಬ ಅವರ ವಾದವೂ ಸುಳ್ಳಲ್ಲ. ಅಜ್ಜಿಯ ಮಗ ಆ ಮೆಷಿನ್ನನ್ನು ಆರಿಸಿದ್ದೇ ಹಾಗೆ. ಕೊಳ್ಳುವವನಿಗೆ ಹದಿನಾಲ್ಕು ಬೇಕು, ಒಗೆಯುವವರಿಗೆ ಒಂದು ಸಾಕು. ಎರಡು ಸುತ್ತು ಟೀ ಆದ ಮೇಲೆ ಯಾರ ಮನಸ್ಸೂ ನೋಯದ ತೀರ್ಮಾನ ಹೊರಬಿತ್ತು: ಹದಿನಾಲ್ಕೂ ಇರಲಿ, ಹದಿನೈದನೆಯದಾಗಿ ‘ಸರಳ ಒಗೆತ’ ಸೇರಿಸೋಣ.